ಗಾಳಿ ಸೋರದ ಗಿಟಾರು

ಕೊಟ್ಟೂರಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಇನ್ನೂ ಮಬ್ಬುಗತ್ತಲು. ಮಿರ್ಚಿ ಅಂಗಡಿಯವರು ಒಲೆ ಹಚ್ಚಿಲ್ಲ, ಕೂಡ್ಲಿಗಿ ಕಡೆಗೆ ಹೋಗುವ ಮೊದಲ ಬಸ್ಸಿನ ಡ್ರೈವರು ನಳದ ಬಳಿ ಮುಖ ತೊಳೆಯುತ್ತಿದ್ದಾನೆ. ತಗಡಿನ ಬಾಗಿಲು ಅರ್ಧ ಸರಿಸಿದ ಪುಟ್ಟ ಅಂಗಡಿಯೊಳಗೆ ನಾಗಲಿಂಗಮ್ಮ ಗೋಣಿತಾಟಿನ ಮೇಲೆ ಕೂತಿದ್ದಾರೆ. ಮುಂದೆ ಮುಚ್ಚಳ ಬಿಚ್ಚಿದ ಹಾರ್ಮೋನಿಯಂ. ಎಡಗೈ ತಿದಿ ಒತ್ತುತ್ತದೆ, ಬಲಗೈಯ ಬೆರಳು ಒಂದೇ ಸ್ವರದ ಕೀಲಿಯ ಮೇಲಿದೆ, ಕಣ್ಣು ಮುಚ್ಚಿವೆ. ಸ್ವರ ಎಳೆದು ನಿಂತ ಮೇಲೆ ಒಳಗಿನ ಹಿತ್ತಾಳೆಯ ನಾಲಿಗೆಯನ್ನು ಸಣ್ಣ ಚೂರಿಯಿಂದ ಒಂದಿಷ್ಟೇ ಕೆರೆಯುತ್ತಾರೆ. ಮತ್ತೆ ತಿದಿ, ಮತ್ತೆ ಕಿವಿ.

ಇಷ್ಟು ಬೆಳಗಿನಲ್ಲಿ ಯಾಕೆ ಎಂದು ಕೇಳಿದರೆ ನಾಗಲಿಂಗಮ್ಮ ನಿಲ್ದಾಣದ ಕಡೆ ಗದ್ದ ತೋರಿಸುತ್ತಾರೆ.

"ಬಸ್ಸು ಶುರುವಾದ್ರ ಮುಗೀತ್ರಿ. ಹಾರನ್ನಿಂದೊಂದು ಸ್ವರ, ನನ್ನ ಪೇಟಿದೊಂದು ಸ್ವರ. ಯಾವುದನ್ನ ರಿಪೇರಿ ಮಾಡ್ಲಿ?"

ಈ ಭಾಗದಲ್ಲಿ ಹಾರ್ಮೋನಿಯಮ್ಮಿಗೆ ಪೇಟಿ ಎಂದೇ ಹೆಸರು. ಅರವತ್ತು ದಾಟಿದ ನಾಗಲಿಂಗಮ್ಮ ಈ ಓಣಿಯಲ್ಲಿ ಪೇಟಿ ರಿಪೇರಿ ಮಾಡುತ್ತಾ ಬಂದು ಮೂರು ದಶಕ ಮೇಲಾಯಿತು. ಹಗರಿಬೊಮ್ಮನಹಳ್ಳಿಯ ಭಜನಾ ಮಂಡಳಿ, ಹಡಗಲಿಯ ನಾಟಕದ ಮಾಸ್ತರು, ಉಚ್ಚಂಗಿದುರ್ಗದ ಪದ ಹಾಡುವವರು, ಎಲ್ಲರ ಪೇಟಿಗಳೂ ಒಂದಲ್ಲ ಒಂದು ಸಲ ಈ ಗೋಣಿತಾಟು ಕಂಡಿವೆ. ಅವುಗಳನ್ನು ನುಡಿಸಿದವರಿಗೆ ಶಾಲು ಬಂದಿದೆ, ಹಾರ ಬಂದಿದೆ, ಕರಪತ್ರದಲ್ಲಿ ಹೆಸರು ಬಂದಿದೆ. ನಾಗಲಿಂಗಮ್ಮನ ಹೆಸರು ಎಲ್ಲಿಯೂ ಅಚ್ಚಾಗಿಲ್ಲ. ಅಂಗಡಿಗೆ ಒಂದು ಬೋರ್ಡು ಕೂಡ ಇಲ್ಲ. ಪಕ್ಕದಲ್ಲಿರುವ ಗಂಡನ ಸೈಕಲ್ ಶಾಪಿನ ಬೋರ್ಡೇ ಎರಡಕ್ಕೂ ಸಾಕು ಎಂಬುದು ಮನೆಯ ತೀರ್ಮಾನ.

ಬೆಳಗಿನ ಕೆಲಸ ಕಿವಿಯದು, ಹಗಲಿನದು ಕೈಯದು. ಬಿಸಿಲು ಬಂದ ಮೇಲೆ ತಿದಿಯ ಮಡಿಕೆಗಳಿಗೆ ಹೊಸ ಚರ್ಮ ಅಂಟಿಸುವುದು, ಇಲಿ ಕಡಿದ ಬಟ್ಟೆ ತೆಗೆಯುವುದು, ಸಡಿಲಾದ ಕೀಲಿಗಳಿಗೆ ತಂತಿ ಹಾಕುವುದು. ಒಂದು ತಿದಿ ಪೂರ್ತಿ ಬದಲಾಯಿಸಲು ಎರಡು ದಿನ ಹಿಡಿಯುತ್ತದೆ. ಅಂಟು ಒಣಗುವುದನ್ನು ಅವಸರಪಡಿಸಲು ಬರುವುದಿಲ್ಲ. ಮೊದಲೆಲ್ಲ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲವಂತೆ. ಈಗ ಭಜನೆಯವರ ಕೈಗೂ ಕರೆಂಟಿನ ಕೀಬೋರ್ಡು ಬಂದಿದೆ, ಊರೂರು ಸುತ್ತುವ ನಾಟಕ ಕಂಪನಿಗಳು ಬೆರಳೆಣಿಕೆಗೆ ಇಳಿದಿವೆ. ರಿಪೇರಿಗೆ ಬರುವ ಪೇಟಿ ವಾರಕ್ಕೊಂದೋ ಎರಡೋ.

ಆದರೆ ಇನ್ನೊಂದು ಕೆಲಸ ತಾನಾಗಿ ಬೆಳೆದಿದೆ. ಅದನ್ನು ನಾಗಲಿಂಗಮ್ಮ ಹುಡುಕಿಕೊಂಡು ಹೋದದ್ದಲ್ಲ, ಅದೇ ಬಾಗಿಲಿಗೆ ಬಂದದ್ದು.

ಅಣ್ಣತಮ್ಮಂದಿರು ಬೇರೆಯಾಗುವಾಗ ಹೊಲ ಅಳೆಯಬಹುದು, ಪಾತ್ರೆ ಹಂಚಬಹುದು. ಅಪ್ಪ ನುಡಿಸುತ್ತಿದ್ದ ಪೇಟಿಗೆ ಏನು ಮಾಡುವುದು? ಗರಗಸ ಹಾಕಲು ಬರುವುದಿಲ್ಲ. ಒಬ್ಬ ಪೇಟಿ ಇಟ್ಟುಕೊಂಡರೆ ಅದರ ಬೆಲೆ ಉಳಿದವರ ಪಾಲಿಗೆ ಸೇರಬೇಕು. ಇಟ್ಟುಕೊಳ್ಳುವವನ ಕಣ್ಣಿಗೆ ಅದು ಯಾವಾಗಲೂ ಹಳೇ ಡಬ್ಬಿ, ಬಿಟ್ಟುಕೊಡುವವನ ಕಣ್ಣಿಗೆ ಅರಮನೆಯ ವಸ್ತು. ಹಿರಿಯರು ಕೂತು ತಲೆ ಕೆರೆದುಕೊಂಡ ಮೇಲೆ ಯಾರಾದರೊಬ್ಬರು ಅದನ್ನು ಕೊಟ್ಟೂರಿಗೆ ಒಯ್ಯಿರಿ ಎನ್ನುತ್ತಾರೆ. ಇದು ಯಾವ ಕಾಲದ್ದು, ಇಂದಿಗೆ ಎಷ್ಟು ಬಾಳುತ್ತದೆ ಎಂದು ನಾಗಲಿಂಗಮ್ಮ ಹೇಳಿದರೆ ಮಾತು ಅಲ್ಲಿಗೆ ಮುಗಿಯುತ್ತದೆ. ಸುತ್ತಲಿನ ತಾಲ್ಲೂಕು, ಹೋಬಳಿಗಳ ಕಡೆ ಹಾಗೆ ಮುಗಿದ ಜಗಳಗಳು ಬಹಳ.

ಪೇಟಿಯ ಬೆನ್ನಿಗೆ ತಬಲಾ ಬಂದವು, ಪಿಟೀಲು ಬಂದವು, ಈಚೆಗೆ ಗಿಟಾರೂ ಬರುತ್ತಿವೆ. ಎಪ್ಪತ್ತು ಎಂಬತ್ತರ ದಶಕದಲ್ಲಿ ಹೊಸಪೇಟೆ, ಹುಬ್ಬಳ್ಳಿ ಕಡೆ ಆರ್ಕೆಸ್ಟ್ರಾ ಸೇರಿ ಗಿಟಾರು ಹಿಡಿದ ಹುಡುಗರಿದ್ದರಲ್ಲ, ಅವರೆಲ್ಲ ಈಗ ತೀರಿಕೊಳ್ಳುವ ವಯಸ್ಸಿಗೆ ಬಂದಿದ್ದಾರೆ. ಗಿಟಾರು ಮಕ್ಕಳ ಪಾಲಿಗೆ ಬೀಳುತ್ತಿದೆ. ಪೇಟಿ ತಿಳಿದಷ್ಟು ಗಿಟಾರು ತನಗೆ ತಿಳಿಯದು ಎಂದು ನಾಗಲಿಂಗಮ್ಮ ಬಂದವರಿಗೆಲ್ಲ ಮೊದಲೇ ಹೇಳಿಬಿಡುತ್ತಾರೆ. ಒಮ್ಮೆ ಹರಪನಹಳ್ಳಿಯ ಒಬ್ಬರು ತಂದ ಗಿಟಾರಿಗೆ ನಲವತ್ತು ವರ್ಷ ವಯಸ್ಸು ಹೇಳಿ ಪೇಚಿಗೆ ಬಿದ್ದದ್ದನ್ನು ಅವರೇ ನಗುತ್ತಾ ನೆನೆಯುತ್ತಾರೆ. ಅದು ಕೊಂಡು ಮೂರು ವರ್ಷವೂ ಆಗಿರಲಿಲ್ಲ. ಅಟ್ಟದ ಮೇಲೆ, ಅಡುಗೆ ಒಲೆಯ ನೇರಕ್ಕೆ ಇಟ್ಟಿದ್ದರಂತೆ. ಹೊಗೆ ಕುಡಿದು ಕುಡಿದು ಕಪ್ಪಾಗಿತ್ತು.

"ಅವತ್ತಿಂದ ಮೊದ್ಲು ಮೂಸಿ ನೋಡ್ತೀನ್ರಿ. ವಯಸ್ಸಾಗಿದ್ದಕ್ಕ ಒಂದು ವಾಸನಿ, ಹೊಗಿಗೆ ಒಂದು ವಾಸನಿ."

ಬೆಲೆ ಹೇಳುವುದಕ್ಕೆ ಅವರು ಏನೂ ತೆಗೆದುಕೊಳ್ಳುವುದಿಲ್ಲ. ಎಲೆ ಅಡಿಕೆ ಕೊಟ್ಟರೆ ಬೇಡ ಎನ್ನುವುದಿಲ್ಲ. ಆದರೆ ಒಂದು ಕಟ್ಟುನಿಟ್ಟು ಇದೆ. ತಾವು ಬೆಲೆ ಕಟ್ಟಿದ ವಸ್ತುವನ್ನು ತಾವು ಕೊಳ್ಳುವುದಿಲ್ಲ, ಗಂಡನೂ ಕೊಳ್ಳುವಂತಿಲ್ಲ, ನೆಂಟರ ಹೆಸರಲ್ಲೂ ಇಲ್ಲ. ಕಡಿಮೆ ಹೇಳಿ ತಾನೇ ಹೊಡೆದುಕೊಂಡಳು ಎಂಬ ಒಂದು ಮಾತು ಬಂದರೆ ಮುಗಿಯಿತು, ಆಮೇಲೆ ಯಾರ ಮನೆಯ ಜಗಳವೂ ಇಲ್ಲಿ ಬಗೆಹರಿಯುವುದಿಲ್ಲ. ಹೀಗೆ ಕಣ್ಣೆದುರಿಗೆ ಬಂದು ಕೈಬಿಟ್ಟುಹೋದ ಒಳ್ಳೊಳ್ಳೆಯ ಪೇಟಿಗಳ ನೆನಪು ಅವರಿಗಿದೆ. ಹೇಳುವಾಗ ಹೊಟ್ಟೆಯುರಿ ಮುಚ್ಚಿಡುವುದಿಲ್ಲ.

ಈ ಕೆಲಸ ಬಂದದ್ದು ತಂದೆಯಿಂದ. ತಂದೆ ಪಂಚಾಕ್ಷರಪ್ಪ ಇದೇ ಓಣಿಯಲ್ಲಿ ನಾಟಕ ಕಂಪನಿಗಳಿಗೆ ಪೇಟಿ ಮಾಡಿಕೊಡುತ್ತಿದ್ದರು. ಮನೆಯ ಮುಂದಿನ ಪಡಸಾಲೆಯೇ ಕಾರ್ಖಾನೆ. ಅಲ್ಲಿ ಕಂಪನಿಯ ಮಾಲೀಕರು, ನಟರು, ಮಾಸ್ತರುಗಳು ಬಂದು ಕೂರುತ್ತಿದ್ದರು. ಹಾಗಾಗಿ ಮನೆಯ ಹೆಣ್ಣುಮಕ್ಕಳು ಪಡಸಾಲೆಗೆ ಕಾಲಿಡುವಂತಿರಲಿಲ್ಲ. ಆದರೂ ಕೆಲಸದಲ್ಲಿ ಪಾಲು ಇತ್ತು. ಅಡುಗೆ ಮನೆಯಲ್ಲಿ ಕೂತು ಕುರಿ ಚರ್ಮವನ್ನು ಬೆರಳಗಲದ ಪಟ್ಟಿಗಳಾಗಿ ಕತ್ತರಿಸುವುದು ನಾಗಲಿಂಗಮ್ಮನ ಪಾಲಿನದು. ಪೇಟಿಯ ಒಳಗಿನ ಪ್ರತಿ ಸಂದಿಗೂ ಈ ಪಟ್ಟಿ ಅಂಟಿಸಬೇಕು. ಇಲ್ಲದಿದ್ದರೆ ಗಾಳಿ ಸೋರಿ ಸ್ವರ ಸೊರಗುತ್ತದೆ. ಗಾಳಿ ಸೋರುವುದೆಂದರೆ ಪಂಚಾಕ್ಷರಪ್ಪನವರಿಗೆ ಮೈಮೇಲೆ ಬಂದಂತೆ ಸಿಟ್ಟು ಬರುತ್ತಿತ್ತಂತೆ. ಮುಗಿದ ಪೇಟಿಯ ಸುತ್ತ ಉರಿಯುವ ಊದುಬತ್ತಿ ಹಿಡಿದು ಹೊಗೆ ಅಲುಗುತ್ತದೆಯೇ ಎಂದು ನೋಡುತ್ತಿದ್ದರು. ಅಲುಗಿದರೆ ಇಡೀ ಪೆಟ್ಟಿಗೆ ಬಿಚ್ಚುತ್ತಿದ್ದರು.

ಹತ್ತರ ಹುಡುಗಿಯಾಗಿದ್ದಾಗ ಕೈಗೆ ಬಂದ ಕತ್ತರಿ ಮದುವೆಯಾಗಿ ಹರಪನಹಳ್ಳಿಗೆ ಹೋಗುವತನಕ ಕೈಬಿಡಲಿಲ್ಲ. ಗಂಡ ಗುರುಬಸವರಾಜ ಅಲ್ಲಿ ಸೈಕಲ್ ರಿಪೇರಿ ಮಾಡಿಕೊಂಡಿದ್ದವರು. ಕೆಲವು ವರ್ಷಗಳ ಮೇಲೆ ಪಂಚಾಕ್ಷರಪ್ಪನವರ ಕೈ ನಡುಗಲು ಶುರುವಾಯಿತು. ಒಪ್ಪಿಕೊಂಡ ಪೇಟಿಗಳು ಅರ್ಧಕ್ಕೆ ನಿಂತವು. ಆಗ ದಂಪತಿ ಕೊಟ್ಟೂರಿಗೆ ಬಂದು ನೆಲೆಸಿದರು. ಮಾವನ ಮನೆ ಸೇರಿದ ಅಳಿಯ ಎಂದು ಜನ ಕಾಡಿಸಿದರೆ ಗುರುಬಸವರಾಜರದು ಒಂದೇ ಉತ್ತರ.

"ಪಂಕ್ಚರ್ ಎಲ್ಲಾ ಊರಾಗೂ ಆಗ್ತಾವಲ್ರಿ."

ಮಗಳು ಪಡಸಾಲೆಗೆ ಕಾಲಿಟ್ಟದ್ದು ಆಗಲೇ. ತಂದೆ ಹಾಸಿಗೆಯಿಂದ ಬಾಯಲ್ಲಿ ಹೇಳುವುದು, ಮಗಳು ಮಾಡುವುದು. ತಂದೆ ಹೋದ ಮೇಲೂ ಕೆಲಸ ನಿಲ್ಲಲಿಲ್ಲ. ಆದರೆ ಹೆಂಗಸಿನ ಕೈಗೆ ಪೇಟಿ ಕೊಡಲು ಯಾರೂ ತಯಾರಿರಲಿಲ್ಲ. ಬಂದವರು ಒಳಗೆ ಇಣುಕಿ, ಮಾಸ್ತರು ಇಲ್ಲವೇ ಎಂದು ಕೇಳಿ ಹಿಂದಿರುಗುತ್ತಿದ್ದರು. ಅದಕ್ಕೆ ಗುರುಬಸವರಾಜ ಒಂದು ಉಪಾಯ ಮಾಡಿದರು. ಪೇಟಿಯನ್ನು ಸೈಕಲ್ ಶಾಪಿನಲ್ಲೇ ಇಳಿಸಿಕೊಳ್ಳುತ್ತಿದ್ದರು. ಗ್ರೀಸು ಮೆತ್ತಿದ ಕೈ ನೋಡಿ ಗಿರಾಕಿಗಳಿಗೆ ಧೈರ್ಯ ಬರುತ್ತಿತ್ತೋ ಏನೋ. ಆ ನಾಟಕ ನಾಲ್ಕೈದು ವರ್ಷ ನಡೆಯಿತು. ಕೊನೆಗೆ ಒಬ್ಬ ಮಾಸ್ತರು ಹೊಸ ತಿದಿಯ ಬಗ್ಗೆ ಏನೋ ಕೇಳಿದಾಗ ಗುರುಬಸವರಾಜ ಸೈಕಲ್ ಟ್ಯೂಬಿನ ಭಾಷೆಯಲ್ಲಿ ಉತ್ತರ ಕೊಟ್ಟರು, ಗುಟ್ಟು ಬಯಲಾಯಿತು. ಅಷ್ಟು ಹೊತ್ತಿಗೆ ಕೆಲಸ ಎಲ್ಲರಿಗೂ ಒಪ್ಪಿಗೆಯಾಗಿತ್ತು.

ತಂದೆ ಮಾಡಿದ ಪೇಟಿಗಳು ಈಗಲೂ ರಿಪೇರಿಗೆ ಬರುತ್ತವೆ. ಅವುಗಳನ್ನು ಬಿಚ್ಚುವಾಗ ನಾಗಲಿಂಗಮ್ಮ ಯಾರೊಡನೆಯೂ ಮಾತಾಡುವುದಿಲ್ಲ ಎಂದು ಗಂಡ ಹೇಳುತ್ತಾರೆ. ಬರುತ್ತವೆ, ಸರಿಯಾಗುತ್ತವೆ, ಯಜಮಾನರು ಬಂದು ಒಯ್ಯುತ್ತಾರೆ. ಪಂಚಾಕ್ಷರಪ್ಪ ತಮಗೆಂದು ಒಂದೂ ಮಾಡಿಟ್ಟುಕೊಳ್ಳಲಿಲ್ಲ. ಮನೆಯಲ್ಲಿ ಅವರದೊಂದು ಫೋಟೊ ಇದೆ, ಎರಡು ಉಳಿ ಇವೆ, ಅಷ್ಟೇ.

ಪತ್ರಿಕೆಗೆ ಬರೆಯಲೆಂದು ನಾನು ಅಂಗಡಿಗೆ ಹೋದ ಎರಡನೇ ದಿನ, ಹಗರಿಬೊಮ್ಮನಹಳ್ಳಿ ಕಡೆಯ ಬಸ್ಸಿನಿಂದ ಒಬ್ಬ ಹೆಣ್ಣುಮಗಳು ಇಳಿದು ಬರುತ್ತಾಳೆ. ಕಂಕುಳಲ್ಲಿ ಹೊದೆಯುವ ಕೌದಿ ಸುತ್ತಿದ ಉದ್ದನೆಯ ಗಂಟು. ಹೆಸರು ಪಂಪಮ್ಮ, ಕೋಗಳಿಯ ಸೊಸೆ, ಅಲ್ಲಿಯ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಬೇಯಿಸುತ್ತಾಳೆ. ತವರು ಹಡಗಲಿ ತಾಲ್ಲೂಕಿನ ಇಟ್ಟಿಗಿ. ಕೌದಿ ಬಿಚ್ಚಿದರೆ ಒಳಗೆ ಗಿಟಾರು. ಜೇನಿನ ಬಣ್ಣದ ಮೈ, ಒಂದೇ ಒಂದು ತುಕ್ಕು ಹಿಡಿದ ತಂತಿ, ತಲೆಯ ಮೇಲೆ ಇಂಗ್ಲಿಷ್ ಅಕ್ಷರಗಳ ಹಿತ್ತಾಳೆ ಬಿಲ್ಲೆ.

ಪಂಪಮ್ಮನ ಅಪ್ಪ ಪಾಲಣ್ಣ ನಾಟಕ ಕಂಪನಿಯೊಂದರಲ್ಲಿ ಗಿಟಾರು ನುಡಿಸುತ್ತಿದ್ದವನು. ಹೋದ ವರ್ಷ ತೀರಿಕೊಂಡ. ಸಾಯುವ ಮೊದಲು ಹಿರಿಯರ ಮುಂದೆ, ಮನೆ ಮಗ ಹುಲುಗೇಶನಿಗೆ, ಗಿಟಾರು ಮಗಳು ಪಂಪಿಗೆ ಎಂದು ಹೇಳಿ ಹೋದ. ಕೇಳಿದವರೆಲ್ಲ ನಕ್ಕರಂತೆ. ಗಂಡಿಗೆ ಸೂರು, ಹೆಣ್ಣಿಗೆ ತೂತಿರುವ ಪೆಟ್ಟಿಗೆ ಎಂದು ಓಣಿಯವರು ಆಡಿಕೊಂಡರು. ಅದರಲ್ಲಿ ಮೆಣಸಿನಕಾಯಿ ತುಂಬಿಡು ಎಂದು ಅತ್ತಿಗೆ ಬುದ್ಧಿ ಹೇಳಿದಳು. ಪಂಪಮ್ಮ ಯಾರಿಗೂ ಎದುರಾಡಲಿಲ್ಲ. ಯಾಕೆಂದರೆ ಆ ಗಿಟಾರಿಗೆ ಒಂದು ಕಥೆಯಿತ್ತು. ತುಂಗಭದ್ರೆಗೆ ಡ್ಯಾಮ್ ಕಟ್ಟುವಾಗ ಅಲ್ಲಿದ್ದ ಬಿಳಿಯ ಎಂಜಿನಿಯರ್ ಒಬ್ಬ, ಕಲ್ಲು ಹೊರುತ್ತಿದ್ದ ಪಾಲಣ್ಣನ ಹಾಡು ಮೆಚ್ಚಿ, ಊರಿಗೆ ಹೋಗುವಾಗ ಅದನ್ನು ಕೊಟ್ಟುಹೋದನೆಂದು ಅಪ್ಪ ಯಾವಾಗಲೂ ಹೇಳುತ್ತಿದ್ದ. ಹೊಸಪೇಟೆಯ ಹಳೇ ಸಾಮಾನಿನ ವ್ಯಾಪಾರಿಯೊಬ್ಬ ಬಿಲ್ಲೆ ನೋಡಿ ಕಣ್ಣರಳಿಸಿದ್ದಾನೆ. ಡ್ಯಾಮಿನ ಕಾಲದ ಪರದೇಶದ್ದೇ ಎಂದು ಕೊಟ್ಟೂರಿನಾಕೆ ಹೇಳಿದರೆ ಬಾಯಿಗೆ ಬಂದಷ್ಟು ಕೊಡುತ್ತೇನೆ ಎಂದು ಕಳಿಸಿದ್ದಾನೆ.

ಇಷ್ಟನ್ನೂ ಹೇಳಿ ಪಂಪಮ್ಮ ಸೆರಗಿನಿಂದ ಗಿಟಾರಿನ ಮೈ ಒರೆಸುತ್ತಾಳೆ.

"ರೊಕ್ಕದ ಆಸಿ ಇಲ್ಲ ಅನ್ನಾಂಗಿಲ್ರಿ ಅಮ್ಮಾರ. ಅದಕ್ಕಿಂತ ಹೆಚ್ಚಿಗಿ, ನಮ್ಮಪ್ಪ ನನಗ ಕೊಟ್ಟಿದ್ದು ಏನಂತ ಗೊತ್ತಾಗ್ಬೇಕ್ರಿ. ಕೊಟ್ಟಾನೋ, ನಕ್ಕು ಕಳಿಸ್ಯಾನೋ."

ನಾಗಲಿಂಗಮ್ಮ ಗಿಟಾರನ್ನು ಮಡಿಲಿಗೆ ಎಳೆದುಕೊಳ್ಳುತ್ತಾರೆ. ಮೊದಲು ಮೂಸುತ್ತಾರೆ. ಗೆಣ್ಣಿನಿಂದ ಬೆನ್ನು ತಟ್ಟಿ ಕೇಳುತ್ತಾರೆ. ಉಗುರಿನಿಂದ ಅಂಚು ಕೆರೆದು, ಇದು ಶಿವನಿ ಮರ ಎಂದು ತಮ್ಮಷ್ಟಕ್ಕೆ ಹೇಳಿಕೊಂಡು ಹುಬ್ಬು ಗಂಟಿಕ್ಕುತ್ತಾರೆ. ಶಿವನಿ ನಮ್ಮ ಕಡೆಯ ಮರ. ಆಮೇಲೆ ಆ ಒಂಟಿ ತಂತಿಯನ್ನು ಬಿಗಿದು, ಪಕ್ಕದಲ್ಲಿದ್ದ ಪೇಟಿಯ ಸ್ವರಕ್ಕೆ ಸೇರಿಸಿ, ಕತ್ತಿನ ಮೇಲಿನ ಒಂದೊಂದು ಗೆರೆಯಲ್ಲೂ ಬೆರಳಿಟ್ಟು ಮೀಟುತ್ತಾರೆ. ಪ್ರತಿ ಗೆರೆಯೂ ಪೇಟಿಯ ಒಂದೊಂದು ಕೀಲಿಗೆ ಸರಿಯಾಗಿ ಕೂಡುತ್ತದೆ. ಪೇಟಿಯನ್ನು ಮಗ್ಗುಲಲ್ಲಿ ಇಟ್ಟುಕೊಂಡೇ ಗೆರೆ ಕೊರೆದಂತಿದೆ ಎನ್ನುತ್ತಾರೆ, ಯಾರಿಗೂ ಅಲ್ಲ ಎಂಬಂತೆ. ಅನಂತರ ಗಂಡನನ್ನು ಕರೆದು ಹಿತ್ತಾಳೆ ಬಿಲ್ಲೆ ತೋರಿಸುತ್ತಾರೆ. ಗುರುಬಸವರಾಜ ಒಂದೇ ನೋಟಕ್ಕೆ ಹೇಳುತ್ತಾರೆ, ಇದು ಹಳೇ ಕಾಲದ ಇಂಗ್ಲೆಂಡ್ ಸೈಕಲ್ಲಿನ ಹ್ಯಾಂಡಲ್ ಕೆಳಗೆ ಬರುವ ಬಿಲ್ಲೆ. ಇಂಥದ್ದನ್ನು ತಾವೇ ಎಷ್ಟೋ ಕಿತ್ತು ಹಾಕಿದ್ದಾರಂತೆ.

ಪಂಪಮ್ಮನ ಮುಖ ಸಣ್ಣದಾಗುತ್ತದೆ. ಆದರೂ ಬಿಲ್ಲೆ ಬೇರೆ, ಗಿಟಾರು ಬೇರೆ ಇರಬಹುದಲ್ಲ ಎನ್ನುತ್ತಾಳೆ. ಇರಬಹುದು ಎಂದು ನಾಗಲಿಂಗಮ್ಮ ಒಪ್ಪುತ್ತಾರೆ. ಕಡ್ಡಿಯ ತುದಿಗೆ ಕಟ್ಟಿದ ಸಣ್ಣ ಕನ್ನಡಿಯನ್ನು ಗಿಟಾರಿನ ತೂತಿನೊಳಗೆ ಇಳಿಸಿ, ಬ್ಯಾಟರಿಯ ಬೆಳಕು ಬಿಟ್ಟು, ಬಗ್ಗಿ ನೋಡುತ್ತಾರೆ.

ಬಹಳ ಹೊತ್ತು ನೋಡುತ್ತಾರೆ. ಎದ್ದು ಹೋಗಿ ಕೊಡದಿಂದ ನೀರು ಕುಡಿದು ಬಂದು ಮತ್ತೆ ನೋಡುತ್ತಾರೆ. ಆಮೇಲೆ ಕನ್ನಡಿಯನ್ನು ನನಗೂ ಪಂಪಮ್ಮನಿಗೂ ಕೊಡುತ್ತಾರೆ. ಗಿಟಾರಿನ ಒಳಗೆ, ಹಲಗೆ ಹಲಗೆ ಕೂಡುವ ಪ್ರತಿ ಸಂದಿಯುದ್ದಕ್ಕೂ ಬೆರಳಗಲದ ಚರ್ಮದ ಪಟ್ಟಿ ಅಂಟಿಸಿದೆ. ಮೂಲೆಗಳಲ್ಲಿ ಎರಡೆರಡು ಪದರ. ಒಂದು ಕೂದಲೆಳೆಯಷ್ಟೂ ಜಾಗ ಬಿಟ್ಟಿಲ್ಲ. ನಡುಮಧ್ಯೆ ಅಂಗೈ ಹಿಡಿಸುವಷ್ಟು ದೊಡ್ಡ ತೂತು ಇರುವ ವಾದ್ಯಕ್ಕೆ ಗಾಳಿ ಸೋರದಂತೆ ಇಷ್ಟು ಬಂದೋಬಸ್ತು! ಲೋಕದ ಯಾವ ಗಿಟಾರು ಮಾಡುವವನೂ ಈ ಕೆಲಸ ಮಾಡಲಾರ. ಜೀವಮಾನವಿಡೀ ಗಾಳಿಗೆ ಹೆದರಿದ ಪೇಟಿ ಮಾಡುವವನೊಬ್ಬನೇ ಮಾಡಬಲ್ಲ.

ಪಟ್ಟಿಯ ತುದಿಗಳನ್ನು ನೋಡಲು ನಾಗಲಿಂಗಮ್ಮ ಹೇಳುತ್ತಾರೆ. ನೇರವಾಗಿ ಕತ್ತರಿಸಿಲ್ಲ, ವೀಳ್ಯದೆಲೆಯ ತುದಿಯಂತೆ ಮೊನಚು ಮಾಡಿದೆ. ನೇರ ತುದಿ ಬೇಗ ಏಳುತ್ತದೆಂದು ಚಿಕ್ಕಂದಿನಲ್ಲಿ ತಾವೇ ಕಂಡುಕೊಂಡ ರೂಢಿ. ತಂದೆ ಬೈದರೂ ಬಿಟ್ಟಿರಲಿಲ್ಲ.

"ಇದು ನನ್ನ ಕೈಯವ್ವಾ. ಈ ಪಟ್ಟಿ ಕತ್ತರಿಸಿದಾಕಿ ನಾನು. ಗಿಟಾರ ಮಾಡಿದಾತ ನಮ್ಮಪ್ಪ."

ಆಮೇಲೆ ನಾಗಲಿಂಗಮ್ಮ ತಮ್ಮ ಮಾಮೂಲಿ ದನಿಯಲ್ಲಿ ಲೆಕ್ಕ ಒಪ್ಪಿಸುತ್ತಾರೆ. ಮೊದಮೊದಲ ವರ್ಷಗಳಲ್ಲಿ ತಮ್ಮ ಕತ್ತರಿ ಹಾವು ಹರಿದಂತೆ ಹೋಗುತ್ತಿತ್ತು. ಈ ಪಟ್ಟಿಗಳು ನೆಟ್ಟಗಿವೆ. ಅಂದರೆ ಮದುವೆ ಗೊತ್ತಾದ ಸುಮಾರಿನವು. ಆಗ ಡ್ಯಾಮು ಕಟ್ಟಿ ಮುಗಿದು ಇಪ್ಪತ್ತೈದು ವರ್ಷದ ಮೇಲಾಗಿತ್ತು. ಗಿಟಾರಿನ ವಯಸ್ಸು ನಲವತ್ನಾಲ್ಕು ನಲವತ್ತೈದು, ಹುಟ್ಟಿದ್ದು ಇದೇ ಓಣಿಯಲ್ಲಿ. ತಂದೆ ತಿಂಗಳುಗಟ್ಟಲೆ ಏನೋ ತಂತಿಯ ಪೆಟ್ಟಿಗೆ ಮಾಡುತ್ತಾ ಕೂತಿದ್ದಾರೆ, ಸಿನಿಮಾ ಪೋಸ್ಟರಿನ ಚಿತ್ರ ನೋಡಿಕೊಂಡು ಅಳತೆ ಹಾಕುತ್ತಿದ್ದಾರೆ ಎಂದು ತಾಯಿ ಗೊಣಗುತ್ತಿದ್ದದ್ದು ಅವರಿಗೆ ನೆನಪಿದೆ. ಪಡಸಾಲೆಗೆ ಹೋಗುವಂತಿರಲಿಲ್ಲವಾಗಿ ಅದು ಏನೆಂದು ನೋಡಿರಲಿಲ್ಲ.

ಪಂಪಮ್ಮ ಕೇಳಬೇಕಾದದ್ದನ್ನು ಕೇಳುತ್ತಾಳೆ.

"ಹಂಗಾದ್ರ ನಮ್ಮಪ್ಪ ಸುಳ್ಳು ಹೇಳಿದ್ನೇನ್ರಿ?"

ನಾಗಲಿಂಗಮ್ಮನಿಗೆ ಗೊತ್ತಿಲ್ಲ, ಗೊತ್ತಿಲ್ಲವೆಂದೇ ಹೇಳುತ್ತಾರೆ. ಪರದೇಶದ ಗಿಟಾರು ಎಂದರೆ ಕಂಪನಿಯವರು ಕರಪತ್ರದಲ್ಲಿ ದಪ್ಪ ಅಕ್ಷರ ಹಾಕಿಸುತ್ತಿದ್ದ ಕಾಲ ಅದು. ಕೊಟ್ಟೂರಿನ ಪೇಟಿ ಮಾಡುವವನು ಮಾಡಿದ್ದು ಎಂದರೆ ಯಾರು ಕೆಲಸಕ್ಕೆ ಇಟ್ಟುಕೊಳ್ಳುತ್ತಿದ್ದರು? ಬಿಲ್ಲೆ ಬಡಿದದ್ದು ಪಾಲಣ್ಣನೋ ತಮ್ಮ ತಂದೆಯೋ ಅದೂ ಗೊತ್ತಿಲ್ಲ. ಇಬ್ಬರೂ ಕೂಡಿಯೇ ಬಡಿದಿರಬಹುದು. ಹೀಗೆ ಹೇಳುವಾಗ ನಾಗಲಿಂಗಮ್ಮನ ತುಟಿಯಲ್ಲಿ ನಗೆಯಿದೆ. ಪಂಪಮ್ಮನ ತುಟಿಯಲ್ಲಿ ಇಲ್ಲ.

ಮತ್ತೆ ಬೆಲೆ? ನಾಗಲಿಂಗಮ್ಮ ತಲೆ ಅಲ್ಲಾಡಿಸುತ್ತಾರೆ. ಹೊಸಪೇಟೆಯ ವ್ಯಾಪಾರಿ ಹೇಳಿದ್ದು ಇದಕ್ಕೆ ಬರುವುದಿಲ್ಲ, ಅದು ಖಂಡಿತ. ಅದರಾಚೆ ಒಂದು ಮಾತೂ ಹೇಳಲಾರೆ, ತನ್ನ ಕೈಯಿರುವ ವಸ್ತುವಿಗೆ ತಾನು ಬೆಲೆ ಕಟ್ಟಿದರೆ ಅದು ನ್ಯಾಯವಲ್ಲ ಎನ್ನುತ್ತಾರೆ. ಬೇಕಾದರೆ ಗದಗಿಗೆ ಒಯ್ದು ತೋರಿಸು, ಅಂಗಡಿಯ ವಿಳಾಸ ಕೊಡುತ್ತೇನೆ ಎನ್ನುತ್ತಾರೆ. ಇಷ್ಟು ವರ್ಷದಲ್ಲಿ ಬೆಲೆ ಹೇಳದೆ ಒಬ್ಬರನ್ನು ಕಳಿಸಿದ್ದು ಇದೇ ಮೊದಲು ಎಂದು ಗುರುಬಸವರಾಜ ಆಮೇಲೆ ನನಗೆ ಹೇಳಿದರು.

ಪಂಪಮ್ಮ ಕೌದಿಯನ್ನು ಕೈಗೆತ್ತಿಕೊಳ್ಳುತ್ತಾಳೆ, ಮತ್ತೆ ಕೆಳಗಿಡುತ್ತಾಳೆ. ಗದಗಿಗೆ ಹೋಗಲು ಅವಳಿಗೆ ಒಂದು ದಿನದ ಕೆಲಸ ಹೋಗುತ್ತದೆ. ಅಲ್ಲೂ ಇದನ್ನೇ ಹೇಳುತ್ತಾರೆ. ಇಟ್ಟಿಗಿಯಲ್ಲಿ ಅತ್ತಿಗೆಗೆ ಸುದ್ದಿ ಮುಟ್ಟಲು ಎರಡು ದಿನ ಬೇಕಿಲ್ಲ. ಕೌದಿಯನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, ಗಿಟಾರನ್ನು ನಾಗಲಿಂಗಮ್ಮನ ಮಡಿಲಲ್ಲೇ ಬಿಟ್ಟು ಏಳುತ್ತಾಳೆ.

"ಇಲ್ಲೇ ಇರ್ಲಿ ಬಿಡ್ರಿ ಅಮ್ಮಾರ. ನಿಮ್ಮಪ್ಪ ಮಾಡಿದ್ದು. ನಿಮಗರ ಬೇಕಾಗ್ತೈತಿ. ಏನೂ ಕೊಡಬ್ಯಾಡ್ರಿ."

ನಾನು ನಾಗಲಿಂಗಮ್ಮನ ಕೈಗಳನ್ನು ನೋಡುತ್ತಿದ್ದೇನೆ. ಗಿಟಾರಿನ ಸೊಂಟವನ್ನು ಎರಡೂ ಕೈ ಬಿಗಿಯಾಗಿ ಹಿಡಿದಿವೆ. ಬೆಲೆ ಕಟ್ಟಿಲ್ಲವಾದ್ದರಿಂದ ಕಟ್ಟುನಿಟ್ಟಿನ ಅಡ್ಡಿಯೂ ಇಲ್ಲ. ಬಾಗಿಲಲ್ಲಿ ನಿಂತ ಗುರುಬಸವರಾಜ ಮೆಲ್ಲಗೆ, ಇಟ್ಟುಕೋ ಎನ್ನುತ್ತಾರೆ. ನನಗೂ ಹಾಗೇ ಅನ್ನಿಸುತ್ತದೆ. ತಂದೆಯದೆಂದು ಮನೆಯಲ್ಲಿ ಒಂದು ವಾದ್ಯವಿಲ್ಲದ ಮಗಳಿಗೆ, ತನ್ನದೇ ಕೈಗುರುತಿರುವ ವಸ್ತು ತಾನಾಗಿ ನಡೆದು ಬಂದಿದೆ. ಇದಕ್ಕಿಂತ ಒಳ್ಳೆಯದು ಇನ್ನೇನು?

ನಾಗಲಿಂಗಮ್ಮ ಪಂಪಮ್ಮನನ್ನು ಕೈ ಹಿಡಿದು ಮತ್ತೆ ಕೂರಿಸುತ್ತಾರೆ.

"ಪುಕ್ಕಟೆ ಇಟ್ಕೊಂಡ್ರ ಅದರ ಬೆಲಿ ಸೊನ್ನಿ ಅಂತ ನಾನ ಹೇಳ್ದಂಗ ಆತಲ್ಲವ್ವಾ. ಅದು ಸುಳ್ಳು. ಹಂಗ ತಗೊಳ್ಳಾಂಗಿಲ್ಲ. ಆದ್ರ ನೀ ಮಾರೋದಾದ್ರ ನನಗ ಮಾರು. ನಮ್ಮಪ್ಪ ಮಾಡಿದ್ದು ಒಂದೂ ನಮ್ಮ ಮನ್ಯಾಗ ಇಲ್ಲ. ನೀ ಬಾಯಿಂದ ಏನ್ ಅಂತಿ, ಅಷ್ಟು. ಚೌಕಾಸಿ ಮಾಡಾಂಗಿಲ್ಲ."

ಪಂಪಮ್ಮ ಆಕೆಯ ಮುಖವನ್ನೇ ನೋಡುತ್ತಾಳೆ. ಯಾವುದೋ ತಮಾಷೆ ಇರಬಹುದೆಂದು ಗುರುಬಸವರಾಜರ ಕಡೆ ನೋಡುತ್ತಾಳೆ, ನನ್ನ ಕಡೆ ನೋಡುತ್ತಾಳೆ. ತಮಾಷೆಯಲ್ಲ. ಸುತ್ತಲ ಊರುಗಳ ವಾದ್ಯಗಳಿಗೆ ಬೆಲೆ ಹೇಳುವ ಹೆಂಗಸು, ಪಾಲಣ್ಣ ಮಗಳಿಗೆ ಕೊಟ್ಟ ಪೆಟ್ಟಿಗೆಯನ್ನು ಆ ಮಗಳೆದುರು ಕೂತು ಬೇಡುತ್ತಿದ್ದಾಳೆ. ಕಣ್ಣಲ್ಲಿ ನೀರೂ ಇದೆ.

"ಇಷ್ಟು ಬೇಕಾಗೇತೇನ್ರಿ ನಿಮಗ ಇದು?"

ಹೌದು ಎಂದು ನಾಗಲಿಂಗಮ್ಮ ತಲೆಯಾಡಿಸುತ್ತಾರೆ.

ಪಂಪಮ್ಮ ಎರಡೂ ಕೈ ಚಾಚಿ ಗಿಟಾರನ್ನು ಆಕೆಯ ಮಡಿಲಿನಿಂದ ತನ್ನ ಮಡಿಲಿಗೆ ಎಳೆದುಕೊಳ್ಳುತ್ತಾಳೆ. ಒರಟಾಗಿಯಲ್ಲ, ಹಸುಗೂಸನ್ನು ಇನ್ನೊಬ್ಬರ ಕೈಯಿಂದ ತೆಗೆದುಕೊಳ್ಳುವಷ್ಟು ಜೋಪಾನವಾಗಿ.

"ಹಂಗಾದ್ರ ಕೊಡಾಂಗಿಲ್ರಿ ಅಮ್ಮಾರ. ಸಿಟ್ಟಾಗಬ್ಯಾಡ್ರಿ."

ಸಿಟ್ಟೇನೂ ಆಗಲಿಲ್ಲ. ನಾಗಲಿಂಗಮ್ಮ ಹಳೇ ಡಬ್ಬಿಯೊಂದರಿಂದ ತಂತಿಗಳನ್ನು ಹುಡುಕಿ ತೆಗೆದು, ತುಕ್ಕು ಹಿಡಿದದ್ದನ್ನು ಬಿಚ್ಚಿ, ಆರೂ ಹೊಸದಾಗಿ ಕಟ್ಟಿ, ಪೇಟಿಗೆ ಸೇರಿಸಿ ಕೊಟ್ಟರು. ಸಡಿಲಾಗಿದ್ದ ಹಿತ್ತಾಳೆ ಬಿಲ್ಲೆಗೆ ಗುರುಬಸವರಾಜ ಎರಡು ಹೊಸ ಮೊಳೆ ಬಡಿದರು. ಕಿತ್ತುಹಾಕಲೇ ಎಂದು ಕೇಳಿದ್ದಕ್ಕೆ ಪಂಪಮ್ಮ ಬೇಡ, ಅಪ್ಪ ಹಚ್ಚಿದ್ದು ಇರಲಿ ಎಂದಳು. ಮಧ್ಯಾಹ್ನದ ಬಸ್ಸಿಗೆ ಹತ್ತಿದಳು. ಕಂಡಕ್ಟರು ಗಿಟಾರನ್ನು ಮೇಲೆ ಟಾಪಿಗೆ ಹಾಕು ಎಂದಾಗ ಅವಳು ಒಪ್ಪದೆ, ಅದಕ್ಕೂ ಒಂದು ಟಿಕೆಟ್ ಕೇಳಿದ್ದು ನಮಗೆ ಇಲ್ಲಿಯತನಕ ಕೇಳಿಸಿತು.

ಬಸ್ಸು ಹೋದ ಮೇಲೂ ನಾಗಲಿಂಗಮ್ಮ ನಿಲ್ದಾಣದ ಕಡೆ ನೋಡುತ್ತಾ ಕೂತಿದ್ದಾರೆ. ಬೆಳಿಗ್ಗೆ ಬಿಚ್ಚಿದ್ದ ಪೇಟಿ ಹಾಗೇ ಇದೆ. ಬೇಸರವಾಯಿತೇ ಎಂದು ಕೇಳುತ್ತೇನೆ. ಪತ್ರಿಕೆಯವರು ಕೇಳುವ ಪ್ರಶ್ನೆ, ಕೇಳಬಾರದಿತ್ತೇನೋ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಕತ್ತರಿಯನ್ನು ಹತ್ತಿರಕ್ಕೆ ಎಳೆದುಕೊಂಡು, ಹೊಸ ಚರ್ಮವೊಂದನ್ನು ಮೊಣಕಾಲ ಮೇಲೆ ಹರಡುತ್ತಾರೆ.

"ಬ್ಯಾಸರ ಆತ್ರಿ, ಇಲ್ಲ ಅಂತ ಯಾಕ ಹೇಳ್ಲಿ. ಆದ್ರ ನಮ್ಮಪ್ಪ ಮಾಡಿದ್ದನ್ನ ಒಬ್ಬಾಕಿ ಕೊಡಾಂಗಿಲ್ಲ ಅಂದ್ಲಲ್ರಿ."